ಸುಂಕದ ಮನೆಗೆ ಹಸಿರು ಬಣ್ಣ

ಸುಮ್ಮನೆ ಕೂರಬಲ್ಲವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಬಸ್ ನಿಲ್ದಾಣದ ಬೆಂಚಿನ ಮೇಲೆ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಬಸ್ಸು ಬಂದರೆ ಬರಲಿ ಬಾರದಿದ್ದರೆ ಬಿಡಲಿ ಎಂಬಂತೆ ಎದುರಿನ ಗೋಡೆಯನ್ನು ನೋಡುತ್ತ ಕೂತಿರುತ್ತಾರಲ್ಲ, ಅಂಥವರನ್ನು. ಅದೇ ಬೆಂಚಿನ ಮೇಲೆ ನನ್ನನ್ನು ಕೂರಿಸಿ ನೋಡಿ. ಕೂತ ಗಳಿಗೆಯಲ್ಲೇ ಅದರ ಯಾವ ಕಾಲು ಅಲ್ಲಾಡುತ್ತದೆಂದು ನನಗೆ ಗೊತ್ತಾಗಿಬಿಡುತ್ತದೆ. ಗೊತ್ತಾದ ಮೇಲೆ ತೆಪ್ಪಗಿರುವುದು ಹೇಗೆ? ಬಗ್ಗಿ ನೋಡಬೇಕು, ರಟ್ಟಿನ ಚೂರೊಂದನ್ನು ಹುಡುಕಬೇಕು, ಮಡಿಸಿ ಕಾಲಿನಡಿ ತುರುಕಬೇಕು, ಪಕ್ಕದಲ್ಲಿ ಕೂತವರನ್ನು ಎಬ್ಬಿಸಿ ಮತ್ತೆ ಕೂರಿಸಿ ಪರೀಕ್ಷೆ ಮಾಡಬೇಕು. ಇಷ್ಟೆಲ್ಲ ಆಗುವಷ್ಟರಲ್ಲಿ ನನ್ನ ಬಸ್ಸು ಬಂದು ಹೋಗಿರುತ್ತದೆ. ಬೆಂಚು ಮಾತ್ರ ಮೊದಲಿಗಿಂತ ಹೆಚ್ಚು ಅಲ್ಲಾಡುತ್ತಿರುತ್ತದೆ.

ಇದು ಹುಟ್ಟುಗುಣವೋ ನೌಕರಿ ಕಲಿಸಿದ ಗುಣವೋ ಹೇಳಲಾರೆ. ಪೀಣ್ಯದ ಹತ್ತಿರದ ಸರ್ಕಾರಿ ಕಾರ್ಖಾನೆಯೊಂದರ ಮೆಂಟೆನೆನ್ಸ್ ವಿಭಾಗದಲ್ಲಿ ಸೂಪರ್‌ವೈಸರನಾಗಿ ನಿವೃತ್ತನಾದವನು ನಾನು. ನಿವೃತ್ತಿಯ ದಿನ ಹಾರ ಹಾಕಿ, ಶಾಲು ಹೊದಿಸಿ, ‘ಇನ್ನು ಆರಾಮಾಗಿರಿ’ ಎಂದು ಕಳಿಸಿಕೊಟ್ಟರು. ಆರಾಮಾಗಿರುವುದು ಹೇಗೆಂದು ಯಾರೂ ಹೇಳಿಕೊಡಲಿಲ್ಲ. ಮಾರನೆಯ ದಿನವೇ ಮನೆಯ ಮಿಕ್ಸಿ ಬಿಚ್ಚಿದೆ. ಅದು ಕೆಟ್ಟಿರಲಿಲ್ಲ, ಸದ್ದು ಸ್ವಲ್ಪ ಹೆಚ್ಚು ಮಾಡುತ್ತಿತ್ತು. ಈಗ ಯಾವ ಸದ್ದೂ ಮಾಡುವುದಿಲ್ಲ. ಆಮೇಲೆ ಬಚ್ಚಲಿನ ನಲ್ಲಿ, ಅದರ ನಂತರ ಗೋಡೆ ಗಡಿಯಾರ, ಅದರ ನಂತರ ಪಕ್ಕದ ಮನೆಯವರ ಕಾಲಿಂಗ್ ಬೆಲ್. ಕೊನೆಗೆ ನನ್ನ ಹೆಂಡತಿ ಸುಶೀಲ ನನ್ನ ಸ್ಪ್ಯಾನರ್ ಪೆಟ್ಟಿಗೆಯನ್ನು ಅಟ್ಟದ ಮೇಲಿಟ್ಟು ಏಣಿಯನ್ನು ಯಾರಿಗೋ ಕೊಟ್ಟುಬಿಟ್ಟಳು.

ಸುಶೀಲಳಿಗೆ ನನ್ನ ಹಾಗೆ ಚಡಪಡಿಸಲು ಪುರುಸೊತ್ತಿಲ್ಲ. ಅವಳೊಂದು ಶಿಶುವಿಹಾರ ನಡೆಸುತ್ತಾಳೆ. ನಮ್ಮ ಕಡೆ ಬೆಳಗಾದರೆ ರಸ್ತೆ ತುಂಬ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು. ಹೆಚ್ಚಿನವರು ರಾಯಚೂರು, ಕೊಪ್ಪಳ, ಬಾಗಲಕೋಟೆಯ ಕಡೆಯಿಂದ ಬಂದು ಒಂದೊಂದು ಕೋಣೆಯ ಬಾಡಿಗೆ ಮನೆಗಳಲ್ಲಿರುವವರು. ಗಂಡಂದಿರು ಗಾರೆ ಕೆಲಸಕ್ಕೋ ಲೇತ್ ಅಂಗಡಿಗೋ ಹೋಗಿರುತ್ತಾರೆ. ಇನ್ನೂ ಶಾಲೆಗೆ ಸೇರಿಸುವ ವಯಸ್ಸಾಗದ ಮಕ್ಕಳನ್ನು ಏನು ಮಾಡುವುದು? ಅವರನ್ನು ತಂದು ಸುಶೀಲಳ ಹತ್ತಿರ ಬಿಟ್ಟು ಹೋಗುತ್ತಿದ್ದರು. ಶೀಟು ಹೊದಿಸಿದ ಹಳೆಯ ಗೋಡೌನೊಂದರಲ್ಲಿ ಚಾಪೆ ಹಾಸಿ, ಸೀರೆಯ ತೊಟ್ಟಿಲು ಕಟ್ಟಿ ಅವಳು ಅದನ್ನು ನಡೆಸುತ್ತಿದ್ದಳು. ಒಂದು ದಿನ ಗೋಡೌನಿನ ಮಾಲೀಕರು ಬಂದು, ‘ಮೇಡಂ, ಇಲ್ಲಿ ಪೀಜಿ ಕಟ್ಟಿಸ್ತೀವಿ, ಮುಂದಿನ ತಿಂಗಳೊಳಗೆ ಖಾಲಿ ಮಾಡ್ಕೊಡಿ’ ಎಂದರು. ಸುಶೀಲ ಊರೆಲ್ಲ ತಿರುಗಿದಳು. ಮಕ್ಕಳು ಅತ್ತು ಗಲಾಟೆ ಮಾಡುತ್ತಾರೆಂದು ಯಾರೂ ಮನೆ ಕೊಡಲೊಪ್ಪಲಿಲ್ಲ. ಒಂದು ಸಂಜೆ ರೇಣುಕಾ ಎಂಬ ಹುಡುಗಿ ಮಗಳನ್ನು ಕರೆದೊಯ್ಯಲು ಬಂದವಳು ವಿಷಯ ಕೇಳಿ ಬಾಗಿಲಲ್ಲೇ ಕೂತಳು. ‘ಕೋಣ್ಯಾಗ ಬಿಟ್ಟು ಹೊರಗ ಕೀಲಿ ಹಾಕ್ಕೊಂಡ್ ಹೋಗ್ಬೇಕ್ರಿ ಅಕ್ಕಾರ, ಮತ್ತೇನ್ ಮಾಡ್ಲಿ’ ಎಂದಳು. ಅವಳ ಮಗಳಿಗೆ ಆಗಿನ್ನೂ ಎರಡು ವರ್ಷ. ಅವತ್ತು ಮನೆಗೆ ಬಂದ ಸುಶೀಲ ಅಡುಗೆ ಮಾಡಲಿಲ್ಲ. ನಾನೂ ಊಟ ಕೇಳಲಿಲ್ಲ.

ಇನ್ನು ಸುಂಕದ ಮನೆಯ ವಿಚಾರ. ತುಮಕೂರು ರಸ್ತೆಯ ಪಕ್ಕದಲ್ಲಿ, ಮೆಟ್ರೊ ಕಂಬಗಳ ನೆರಳಿನಲ್ಲಿ, ಒಂದು ಹಳೆಯ ಕಲ್ಲಿನ ಕಟ್ಟಡ ಬಹುಕಾಲದಿಂದ ಬಿದ್ದುಕೊಂಡಿತ್ತು. ಹಿಂದೆ ಊರೊಳಗೆ ಹೋಗುವ ಗಾಡಿಗಳನ್ನು ನಿಲ್ಲಿಸಿ ಸುಂಕ ವಸೂಲಿ ಮಾಡುತ್ತಿದ್ದ ಠಾಣೆ ಅದು. ನಾನು ಚಿಕ್ಕವನಿದ್ದಾಗ ನಮ್ಮಜ್ಜಿಯ ಜೊತೆ ನೆಲಮಂಗಲದ ಕಡೆಯಿಂದ ಅವರೆಕಾಯಿ ಮೂಟೆ ಹೇರಿದ ಗಾಡಿಯಲ್ಲಿ ಬರುವಾಗ ಅಲ್ಲಿ ನಿಲ್ಲಬೇಕಾಗುತ್ತಿತ್ತು. ಖಾಕಿ ತೊಟ್ಟವನೊಬ್ಬ ಉದ್ದದ ಕಬ್ಬಿಣದ ಸಲಾಕೆಯಿಂದ ಮೂಟೆಯನ್ನು ಚುಚ್ಚಿ ನೋಡುತ್ತಿದ್ದ. ಒಳಗೆ ಬೆಣ್ಣೆಯ ಗಡಿಗೆ ಅಡಗಿಸಿದ್ದಾರೇನೋ ಎಂದು ಅವನಿಗೆ ಅನುಮಾನ. ನಮ್ಮಜ್ಜಿ ಬೆಣ್ಣೆಯ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗು ಮುಚ್ಚಿ, ಅದರ ಮೇಲೆ ನನ್ನನ್ನು ಮಲಗಿಸಿ, ಹುಡುಗನಿಗೆ ಜ್ವರ ಎನ್ನುತ್ತಿದ್ದಳು. ಮಿಸುಕದೆ ಮಲಗಿರಬೇಕಾದ್ದು ನನ್ನ ಕೆಲಸ. ನಾನು ಮಿಸುಕುತ್ತಿದ್ದೆ. ಅಜ್ಜಿ ತೊಡೆ ಚಿವುಟುತ್ತಿದ್ದಳು. ಸುಮ್ಮನಿರಲಾರದ ಕಾರಣಕ್ಕೆ ನನಗೆ ಸಿಕ್ಕ ಮೊದಲ ಶಿಕ್ಷೆ ಆ ಕಟ್ಟಡದ ಮುಂದೆಯೇ.

ಸುಂಕ ನಿಂತುಹೋದ ಮೇಲೆ ಆ ಕಟ್ಟಡ ಯಾರಿಗೂ ಬೇಡವಾಯಿತು. ವಾರ್ಡ್ ಕಚೇರಿಯವರು ಕೆಟ್ಟ ಬೀದಿದೀಪಗಳನ್ನು ಅದರೊಳಗೆ ತುಂಬಿದರು. ಗೋಡೆಯ ಮೇಲೆ ಟ್ಯೂಷನ್ನಿನವರೂ ಮೂಲವ್ಯಾಧಿಯವರೂ ಪೈಪೋಟಿಯಿಂದ ಜಾಹೀರಾತು ಅಂಟಿಸಿದರು. ಹಿಂದುಗಡೆ ನಿಂತು ಜನ ಏನು ಮಾಡುತ್ತಿದ್ದರೆಂದು ಹೇಳಬೇಕಾಗಿಲ್ಲ. ಆದರೂ ಅದು ಗಟ್ಟಿಮುಟ್ಟಾಗಿತ್ತು. ಅಗಲವಾದ ಕಲ್ಲುಗೋಡೆ, ಅದಕ್ಕೆ ಸುಣ್ಣದ ಗಾರೆ, ಕಮಾನಿನ ಕಿಟಕಿಗಳು, ಮುಂದೊಂದು ಜಗಲಿ. ರಸ್ತೆಯ ಕಡೆಯ ಗೋಡೆಯ ಮೇಲೆ ಕರಿಯ ಅಕ್ಷರಗಳಲ್ಲಿ ‘ಗಾಡಿಗಳು ಇಲ್ಲಿ ನಿಲ್ಲತಕ್ಕದ್ದು’ ಎಂಬ ಬರಹ ಅರ್ಧ ಅಳಿಸಿದ್ದರೂ ಓದಲು ಬರುತ್ತಿತ್ತು. ಗಾಡಿಗಳೇನೋ ಈಗಲೂ ಅಲ್ಲಿ ನಿಲ್ಲುತ್ತವೆ, ಸಿಗ್ನಲ್ಲಿನ ದೆಸೆಯಿಂದ.

ಸುಶೀಲ ಹತ್ತಿದ ಮೆಟ್ಟಿಲುಗಳಲ್ಲಿ ವಾರ್ಡ್ ಕಚೇರಿಯದೂ ಒಂದು. ಅಲ್ಲಿ ಅವಳಿಗೆ ಸಿಕ್ಕಿದವಳು ಮೇಘನಾ ಎಂಬ ಹುಡುಗಿ. ಹಳೆಯ ಕಟ್ಟಡಗಳನ್ನು ಕೆಡವದೆ ಉಳಿಸಿಕೊಂಡು, ಜನರ ಉಪಯೋಗಕ್ಕೆ ಬರುವ ಕೆಲಸಕ್ಕೆ ಕೊಡಬೇಕೆಂದು ಪಾಲಿಕೆಯವರು ಹೊಸದಾಗಿ ಒಂದು ಯೋಜನೆ ಮಾಡಿದ್ದರು. ಅದರ ಆರ್ಕಿಟೆಕ್ಟ್ ಅವಳು. ರಿಪೇರಿ ಪಾಲಿಕೆಯದು, ಉಪಯೋಗ ನಮ್ಮದು. ಷರತ್ತು ಒಂದೇ, ಕಟ್ಟಡದ ಹಳೆಯ ಲಕ್ಷಣ ಕೆಡಬಾರದು. ಸಮಿತಿಯೊಂದು ಬಂದು ನೋಡಿ ಒಪ್ಪಬೇಕು, ಅಷ್ಟೇ. ಸುಂಕದ ಮನೆಯನ್ನು ಶಿಶುವಿಹಾರಕ್ಕೆ ಕೇಳಿ ಎಂದು ಮೇಘನಾಳೇ ಸಲಹೆ ಕೊಟ್ಟಳು. ಅದನ್ನು ಮೊದಲ ಸಲ ನೋಡಲು ನಾವು ಹೋದಾಗ ನನ್ನ ಬಾಯಿ ತಡೆಯಲಿಲ್ಲ. ‘ಕೆಡವಿ ಹೊಸದು ಕಟ್ಟೋದು ಸುಲಭ ಅಲ್ವೇನಮ್ಮ?’ ಎಂದೆ. ಅವಳು ಸಿಟ್ಟಾಗಲಿಲ್ಲ. ‘ಹೊಸದು ಕಟ್ಟೋಕೆ ಎಷ್ಟು ಲೋಡ್ ಮರಳು, ಎಷ್ಟು ಸಿಮೆಂಟು, ಎಷ್ಟು ನೀರು ಬೇಕು ಯೋಚ್ನೆ ಮಾಡಿ ಅಂಕಲ್. ಕೆಡವಿದ್ದನ್ನ ಇನ್ಯಾವುದೋ ಕೆರೆಗೆ ಸುರೀಬೇಕು. ಇದು ಆಗ್ಲೇ ನಿಂತಿದೆಯಲ್ಲ, ನಿಂತಿರೋದನ್ನ ಬಳಸ್ಕೊಳ್ಳೋಣ’ ಎಂದಳು. ಹಳೆಯ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯುತ್ತಿದ್ದ ನಮ್ಮಮ್ಮನ ನೆನಪಾಯಿತು. ನನಗೆ ಮಾತು ಒಪ್ಪಿಗೆಯಾಯಿತು. ಆದರೆ ಅವಳ ಮಾತು ಅಲ್ಲಿಗೇ ಮುಗಿಯಲಿಲ್ಲ.

‘ಅಂಕಲ್, ಕೀ ನಿಮ್ಮ ಹತ್ರಾನೇ ಇರ್ಲಿ. ಕಸ ತೆಗೆಸಿ, ಗುಡಿಸಿ. ಅದು ಬಿಟ್ಟು ಸಮಿತಿಯವರು ಬರೋವರೆಗೂ ಏನೂ ಮಾಡ್ಬೇಡಿ, ಪ್ಲೀಸ್. ಗೋಡೆಗೆ ಒಂದು ಮೊಳೇನೂ ಹೊಡೀಬೇಡಿ. ಅದಕ್ಕೆ ಉಸಿರಾಡೋಕೆ ಬಿಡ್ಬೇಕು’ ಎಂದಳು.

ನನ್ನ ಆಯುಷ್ಯದಲ್ಲಿ ಸರ್ಕಾರದ ಕಚೇರಿಗಳು ಏನಾದರೂ ಮಾಡಲಿ ಎಂದು ಕಾದದ್ದೇ ಕಾದದ್ದು. ಮೊದಲ ಸಲ ಸರ್ಕಾರ ನನ್ನನ್ನು ಒಂದು ಕೆಲಸ ಕೇಳಿತ್ತು. ಆ ಕೆಲಸ ಏನೂ ಮಾಡದೆ ಇರುವುದು. ಮನೆಗೆ ಬರುವ ದಾರಿಯಲ್ಲಿ ಸುಶೀಲ, ‘ಆ ಹುಡುಗಿ ಎಷ್ಟು ನಾಜೂಕಾಗಿ ಹೇಳಿದ್ಲು ನೋಡ್ರೀ. ನಾನು ಮದುವೆಯಾದಾಗಿಂದ ಅದನ್ನೇ ಹೇಳ್ತಿದೀನಿ’ ಎಂದಳು. ಬೀಗದ ಕೈಯನ್ನು ಅವಳೇ ಇಟ್ಟುಕೊಳ್ಳಬಹುದಿತ್ತು. ಅವಳಿಗೆ ಮಕ್ಕಳ ಕೆಲಸ. ಕೈ ನನ್ನ ಜೇಬಿನಲ್ಲೇ ಉಳಿಯಿತು.

ಮುಂದಿನ ದಿನಗಳನ್ನು ನಾನು ಹೇಗೆ ಕಳೆದೆನೆಂದು ನನಗೇ ಗೊತ್ತು. ಬೀದಿದೀಪಗಳನ್ನು ಸಾಗಿಸಿ, ಪೋಸ್ಟರುಗಳನ್ನು ನೆನೆಸಿ ತೆಗೆಸಿ, ಗುಡಿಸಿ ತೊಳೆಸಿದ ಮೇಲೆ ಮಾಡಲು ಬೇರೇನೂ ಉಳಿಯಲಿಲ್ಲ. ಆದರೂ ಬೆಳಗಿನ ಕಾಫಿ ಕುಡಿದೊಡನೆ ಕಾಲು ಅತ್ತಲೇ ಎಳೆಯುತ್ತಿತ್ತು. ಬೀಗ ತೆಗೆದು ಒಳಗೆ ಹೋಗಿ ಬೆನ್ನ ಹಿಂದೆ ಕೈ ಕಟ್ಟಿಕೊಂಡು ಸುತ್ತುತ್ತಿದ್ದೆ. ಕೈ ಮುಂದಿದ್ದರೆ ಅಪಾಯ. ಬಾಗಿಲ ಕೀಲು ಕಿರ್ ಎನ್ನುತ್ತಿತ್ತು. ಎಣ್ಣೆ ಬಿಡುವುದು ಏನೂ ಮಾಡದಿರುವುದರೊಳಗೆ ಸೇರುತ್ತದೆಯೋ ಇಲ್ಲವೋ? ಸೇರುತ್ತದೆ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡು ಎರಡು ತೊಟ್ಟು ಬಿಟ್ಟೆ. ಕಿಟಕಿಯ ಸರಳೊಂದು ಸಡಿಲಾಗಿತ್ತು. ಅದನ್ನು ಅಲ್ಲಾಡಿಸಿ ನೋಡಿ ಹಾಗೇ ಬಿಟ್ಟೆ, ಮಾರನೆಯ ದಿನ ಮತ್ತೆ ಅಲ್ಲಾಡಿಸಿದೆ. ಗಾರೆ ಕಿತ್ತ ಜಾಗಗಳು ನನ್ನನ್ನೇ ಕರೆಯುತ್ತಿದ್ದವು. ಮನೆಗೆ ಬಂದರೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಪೇಪರ್ ಓದುವಾಗ ಸುಂಕದ ಮನೆಯ ಜಗಲಿಯಲ್ಲಿ ಬಿರುಕು ಬಿಟ್ಟ ಕಲ್ಲು ಕಣ್ಣಿಗೆ ಕಟ್ಟುತ್ತಿತ್ತು. ‘ಕಾಲು ಕುಣಿಸ್ಬೇಡಿ, ಮೇಜೆಲ್ಲ ಅಲ್ಲಾಡುತ್ತೆ’ ಎಂದು ಸುಶೀಲ ಗದರುತ್ತಿದ್ದಳು. ಅವಳಿಗೂ ಒಳಗೆ ಆತಂಕವಿತ್ತು. ಗೋಡೌನ್ ಬಿಡಬೇಕಾದ ದಿನ ಹತ್ತಿರವಾಗುತ್ತಿತ್ತು, ಸಮಿತಿಯ ಸುದ್ದಿಯೇ ಇರಲಿಲ್ಲ.

ಕೊನೆಗೊಂದು ಮಂಗಳವಾರ ವಾರ್ಡ್ ಎಂಜಿನಿಯರ್ ನಂಜುಂಡಪ್ಪನವರ ಫೋನು ಬಂತು. ಸಮಿತಿ ಗುರುವಾರ ಬರುತ್ತದೆ, ಜೊತೆಗೆ ಕಮಿಷನರೂ ಬರುತ್ತಾರೆ ಎಂದರು. ಫೋನಿಟ್ಟ ಮೇಲೆ ನನ್ನೊಳಗೆ ಏನೋ ಎದ್ದು ಕೂತಿತು.

ಅದೇನೆಂದು ತಿಳಿಯಬೇಕಾದರೆ ನಮ್ಮ ಕಾರ್ಖಾನೆಯ ಪದ್ಧತಿ ಹೇಳಬೇಕು. ದೆಹಲಿಯಿಂದ ಯಾರಾದರೂ ದೊಡ್ಡವರು ಇನ್‌ಸ್ಪೆಕ್ಷನ್‌ಗೆ ಬರುತ್ತಾರೆಂದರೆ ಉತ್ಪಾದನೆ ನಿಲ್ಲಿಸಿ ನಾವೆಲ್ಲ ಬಣ್ಣ ಹೊಡೆಯುತ್ತಿದ್ದೆವು. ದಾರಿಯ ಅಂಚಿನ ಕಲ್ಲುಗಳಿಗೆ ಒಂದಕ್ಕೆ ಬಿಳಿ, ಒಂದಕ್ಕೆ ಕೆಮ್ಮಣ್ಣು. ಮರಗಳಿಗೆ ಸೊಂಟದವರೆಗೆ ಸುಣ್ಣ. ಯಂತ್ರಗಳಿಗೆ ಹಸಿರು. ಒಮ್ಮೆ ಅವಸರದಲ್ಲಿ ಒಂದು ಯಂತ್ರದ ತಿರುಗುವ ಭಾಗಕ್ಕೂ ಬಣ್ಣ ಹಚ್ಚಿಬಿಟ್ಟು, ಸಾಹೇಬರು ಹೋದ ಮೇಲೆ ಅದನ್ನು ತಿರುಗಿಸಲು ನಾಲ್ಕು ಜನ ನೇತಾಡಬೇಕಾಯಿತು. ಬಂದವರು ಬಣ್ಣ ನೋಡಿ ಮೆಚ್ಚಿ ಹೋಗುತ್ತಿದ್ದರು. ಯಂತ್ರ ಓಡುತ್ತದೆಯೇ ಎಂದು ಕೇಳಿದವರನ್ನು ನಾನು ಕಾಣೆ. ಆ ಹಸಿರು ಬಣ್ಣದ ಮಹಿಮೆ ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಮಿಕ್ಕ ಬಣ್ಣ ಊಟದ ಡಬ್ಬಿಗಳಲ್ಲಿ ಹೇಗೋ ಕಾಲೋನಿ ಸೇರುತ್ತಿತ್ತು. ನಮ್ಮ ಕಾಲೋನಿಗೆ ಬಂದು ನೋಡಿ, ಗೇಟುಗಳು, ಸ್ಟೂಲುಗಳು, ಹೂಕುಂಡಗಳು, ಒಂದು ಮನೆಯಲ್ಲಿ ತುಳಸಿಕಟ್ಟೆ ಕೂಡ, ಎಲ್ಲ ಅದೇ ಹಸಿರು. ನಮ್ಮ ಮನೆಯ ಮಂಚದ ಕೆಳಗೂ ದೊಡ್ಡದೊಂದು ಡಬ್ಬಿ ಇತ್ತು. ನಿವೃತ್ತನಾದಾಗಿನಿಂದ ಮುಚ್ಚಳ ತೆಗೆದಿರಲಿಲ್ಲ.

ಬುಧವಾರ ಬೆಳಿಗ್ಗೆ ನಾನು ಸುಂಕದ ಮನೆಗೆ ಹೋಗುವ ಹೊತ್ತಿಗೆ ನಂಜುಂಡಪ್ಪ ಅಲ್ಲಿಗೆ ಬಂದು ಗೋಡೆಯನ್ನು ದಿಟ್ಟಿಸುತ್ತ ನಿಂತಿದ್ದರು. ಮುಖ ಬಾಡಿತ್ತು. ‘ಸಾರ್, ನಾಳೆ ಸಾಹೇಬ್ರು ಬರ್ತಾರೆ. ಈ ಗೋಡೆ ಹಿಂಗೇ ಇದ್ರೆ ಇಷ್ಟು ವರ್ಷ ಏನ್ ಮಾಡ್ತಿದ್ರಿ ಅಂತ ನನ್ನನ್ನ ಕೇಳ್ತಾರೆ ಕಣ್ರೀ, ಗೋಡೆನ ಕೇಳಲ್ಲ’ ಎಂದರು. ‘ಆ ಹುಡುಗಿ ಏನೂ ಮುಟ್ಟಬೇಡಿ ಅಂದಿದಾಳಲ್ಲ’ ಎಂದೆ. ನನ್ನ ಧ್ವನಿಯಲ್ಲಿ ಜೋರಿರಲಿಲ್ಲ. ‘ಅವರು ಹಳೇದನ್ನ ಕೆಡವಬೇಡಿ ಅಂದ್ರು. ಮುಖ ತೊಳ್ಸಬೇಡಿ ಅಂದ್ರಾ? ಮನೆಗೆ ನೆಂಟರು ಬಂದ್ರೆ ನೀವು ಗಡ್ಡ ಕೆರ್ಕೊಳಲ್ವಾ?’ ಎಂದರು. ಈ ವಾದದಲ್ಲಿ ತಪ್ಪು ಹುಡುಕಬಹುದಿತ್ತು. ನಾನು ಹುಡುಕಲಿಲ್ಲ.

ಪಕ್ಕದ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದ ಬಾಗಲಕೋಟೆಯ ಮೇಸ್ತ್ರಿ ಹನಮಂತಪ್ಪನನ್ನು ಕರೆಸಿದೆವು. ಗೋಡೆ ಉಸಿರಾಡಬೇಕಂತೆ, ಅದಕ್ಕೇ ತೆಳ್ಳಗೆ ಹೊಡಿ ಎಂದು ನಾನು ಹೇಳಿದ್ದಕ್ಕೆ ಅವನು ಬ್ರಷ್ ಕೆಳಗಿಟ್ಟು ನನ್ನನ್ನೇ ನೋಡಿದ. ‘ಗ್ವಾಡಿ ಉಸಿರಾಡತೈತೇನ್ರಿ ಸರ? ಹಂಗಾರ ಗೊರಕೀನೂ ಹೊಡೀತೈತೇನ್ರಿ? ನಾ ಇಷ್ಟ್ ಗ್ವಾಡಿ ಕಟ್ಟೇನಿ, ಒಂದೂ ಕೆಮ್ಮಿಲ್ ನೋಡ್ರಿ’ ಎಂದ. ಮೂವರೂ ನಕ್ಕೆವು. ನಕ್ಕ ಮೇಲೆ ಭಯ ಹೋಯಿತು. ವಾರ್ಡಿನ ಗೋದಾಮಿನಲ್ಲಿ ಯಾವುದೋ ಶೌಚಾಲಯಕ್ಕೆ ತರಿಸಿ ಉಳಿದಿದ್ದ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಪೇಂಟು ಇತ್ತು, ಅದು ಗೋಡೆಗೆ. ಬಾಗಿಲು ಕಿಟಕಿಗಳಿಗೆ ನಮ್ಮ ಮಂಚದ ಕೆಳಗಿನ ಹಸಿರು. ಮುಚ್ಚಳ ತೆಗೆದಾಗ ಮೇಲೆ ಕೆನೆ ಕಟ್ಟಿತ್ತು. ಕೆನೆ ಸರಿಸಿ, ಕಲಸಿ, ನಾನೇ ಕೈಯಾರೆ ಹಚ್ಚಿದೆ. ನಿಜ ಹೇಳುತ್ತೇನೆ, ಅಷ್ಟು ಸಂತೋಷದ ದಿನ ನಿವೃತ್ತಿಯ ನಂತರ ನನಗೆ ಬಂದೇ ಇರಲಿಲ್ಲ. ಕಾಲು ಕುಣಿಯಲಿಲ್ಲ, ಎದೆ ಹಗುರಾಯಿತು. ರಸ್ತೆಯ ಕಡೆಯ ಗೋಡೆಗೆ ಬಂದಾಗ ಹನಮಂತಪ್ಪ, ‘ಈ ಕರಿ ಅಕ್ಷರ ಏನ್ ಮಾಡೂಣ್ರಿ?’ ಎಂದ. ನಂಜುಂಡಪ್ಪ, ‘ಎರಡು ಕೋಟ್ ಹೊಡಿ, ಮುಚ್ಕೊಳುತ್ತೆ’ ಎಂದರು. ಮುಚ್ಚಿಕೊಂಡಿತು.

ಗುರುವಾರ ಗೋಡೌನ್ ಬಿಡುವ ದಿನವೂ ಆಗಿತ್ತು. ಬೇರೆ ಜಾಗವಿಲ್ಲದೆ ಸುಶೀಲ ಚಾಪೆ, ತಟ್ಟೆ, ತೊಟ್ಟಿಲ ಸೀರೆಗಳನ್ನು ಆಟೋದಲ್ಲಿ ಹೇರಿಕೊಂಡು, ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಸುಂಕದ ಮನೆಗೆ ಬಂದಳು. ಗೇಟಿನಲ್ಲಿ ನಿಂತು ಕಟ್ಟಡವನ್ನು ನೋಡಿದಳು. ಆಮೇಲೆ ನನ್ನ ಕೈಬೆರಳುಗಳನ್ನು ನೋಡಿದಳು. ಉಗುರಿನ ಸಂದಿಯಲ್ಲಿ ಹಸಿರಿತ್ತು. ಆಮೇಲೆ ಆಟೋದಿಂದ ಚಾಪೆ ಇಳಿಸತೊಡಗಿದಳು. ಅವಳು ಬೈದಿದ್ದರೆ ನನಗೆಷ್ಟೋ ಸಮಾಧಾನವಾಗುತ್ತಿತ್ತು.

ಕಮಿಷನರು ಕಾರಿನಿಂದ ಇಳಿದವರೇ, ‘ವೆರಿ ನೀಟ್. ಹಳೇ ಬಿಲ್ಡಿಂಗ್ ಅಂದ್ರಲ್ರೀ, ಹೊಸದಿದ್ದ ಹಾಗಿದೆ’ ಎಂದರು. ನಂಜುಂಡಪ್ಪ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಸಮಿತಿಯಲ್ಲಿ ಹಳೆಯ ಕಟ್ಟಡಗಳ ವಿಷಯದಲ್ಲಿ ದೊಡ್ಡ ಹೆಸರು ಮಾಡಿದ ಹಿರಿಯರೊಬ್ಬರಿದ್ದರು. ಅವರು ಮಾತಾಡದೆ ಗೋಡೆಯುದ್ದಕ್ಕೂ ಅಂಗೈ ಸವರುತ್ತ ಹೋಗಿ, ರಸ್ತೆಯ ಕಡೆ ನಿಂತು, ‘ಇಲ್ಲೊಂದು ಬರಹ ಇತ್ತಲ್ಲ?’ ಎಂದು ಕೇಳಿದರು. ಮೇಘನಾ ಆ ಬರಹದ ಫೋಟೊ ಹಿಡಿದುಕೊಂಡು ನಿಂತಿದ್ದಳು. ಅವಳ ಕಣ್ಣು ತುಂಬಿತ್ತು. ನಾನು ಮೆಟ್ರೊ ಕಂಬಗಳನ್ನು ಗಮನವಿಟ್ಟು ನೋಡತೊಡಗಿದೆ. ಅದೇ ಹೊತ್ತಿಗೆ ಒಳಗೆ ಇಣುಕಿ ನೋಡಲೆಂದು ಕಮಿಷನರು ಕಿಟಕಿಯ ಸರಳುಗಳಿಗೆ ಒರಗಿದರು. ವರ್ಷಗಟ್ಟಲೆ ಮಂಚದ ಕೆಳಗಿದ್ದ ಬಣ್ಣ ಒಂದು ದಿನಕ್ಕೆ ಒಣಗೀತೇ? ಅವರು ತಿರುಗಿ ನಿಂತಾಗ ಬಿಳಿಯ ಅಂಗಿಯ ಮೇಲೆ ಮೇಲಿನಿಂದ ಕೆಳಗೆ ನಮ್ಮ ಕಾರ್ಖಾನೆಯ ಹಸಿರು ಪಟ್ಟೆಗಳು ಮೂಡಿದ್ದವು.

‘ಯಾರ್ರೀ ಬಣ್ಣ ಹೊಡೆದದ್ದು?’ ಎಂದು ಅವರು ಕೇಳಿದರು. ನಂಜುಂಡಪ್ಪ ನನ್ನನ್ನು ನೋಡಿದರು. ನಾನು, ಪಕ್ಕದ ಕಟ್ಟಡದಿಂದ ನೋಡಲು ಬಂದು ನಿಂತಿದ್ದ ಹನಮಂತಪ್ಪನನ್ನು ನೋಡಿದೆ. ಹನಮಂತಪ್ಪ, ತಾನು ಯಾವ ಗೋಡೆಯನ್ನೂ ಕಂಡವನೇ ಅಲ್ಲವೆಂಬಂತೆ ನೆಲ ನೋಡಿದ. ಹಿರಿಯರು ಕರವಸ್ತ್ರದಿಂದ ಅಂಗೈ ಒರೆಸಿಕೊಳ್ಳುತ್ತ, ‘ಉಳಿಸಬೇಕಾದ್ದನ್ನೇ ಅಳಿಸಿ ಆಗಿದೆ. ಇದನ್ನು ಯೋಜನೆಯಿಂದ ಕೈಬಿಡೋಣ’ ಎಂದು ಮೆಲ್ಲಗೆ ಹೇಳಿದರು. ಕೈಬಿಟ್ಟರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಆ ಜಾಗವನ್ನು ಪಾರ್ಕಿಂಗಿಗೆ ಕೇಳುತ್ತಿದ್ದವರು ಬಹಳ ಜನ. ಜಗಲಿಯ ಮೇಲೆ ಮಕ್ಕಳು ಕೂತಿದ್ದರು. ರೇಣುಕಾ ಮಗಳನ್ನು ಬಿಟ್ಟು ಕೆಲಸಕ್ಕೆ ಓಡಬೇಕಾದವಳು ಓಡದೆ, ಚೀಲ ಹೆಗಲಿಗೇರಿಸಿಕೊಂಡು ಅಲ್ಲೇ ನಿಂತಿದ್ದಳು. ಅವಳು ಯಾರ ಮುಖವನ್ನೂ ಕೇಳುವ ಹಾಗೆ ನೋಡಲಿಲ್ಲ, ಮಗಳ ತಲೆಯನ್ನಷ್ಟೇ ಸವರುತ್ತಿದ್ದಳು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ನನಗೆ. ಸುಮ್ಮನೆ ಕೂರಲಾರದ ನನ್ನ ಎರಡು ಕೈಗಳಿಂದ ಇಷ್ಟು ಮಕ್ಕಳು ಬೀದಿಗೆ ಬರುವುದಾದರೆ ಆ ಕೈ ಇದ್ದೇನು ಪ್ರಯೋಜನ?

ಆಗ ಸುಶೀಲ ಮುಂದೆ ಬಂದಳು. ಧ್ವನಿ ಏರಿಸಲಿಲ್ಲ. ‘ಬಣ್ಣ ಬಳಿದವರು ನಮ್ಮನೆಯವರು ಸಾರ್. ತೆಗೆಯೋರೂ ಅವರೇ. ಸುಮ್ನೆ ಇರೋಕಾಗದೆ ಬಳಿದ್ರು, ಅದೇ ಕಾರಣಕ್ಕೆ ತೆಗೆದೂ ತೆಗೀತಾರೆ. ಮಕ್ಕಳನ್ನ ಮಾತ್ರ ಎಬ್ಬಿಸ್ಬೇಡಿ’ ಎಂದಳು. ಹಿರಿಯರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮೇಘನಾ ಕಣ್ಣೊರೆಸಿಕೊಂಡು, ಬಣ್ಣ ಹೊಸದಾದ್ದರಿಂದ ನಿಧಾನವಾಗಿ ಕೈಯಿಂದಲೇ ತೆಗೆದರೆ ಕೆಳಗಿನ ಬರಹ ಉಳಿಯಬಹುದು ಎಂದಳು. ಅವರವರಲ್ಲೇ ಮಾತುಕತೆ ನಡೆಯಿತು. ಮಕ್ಕಳು ಸದ್ಯಕ್ಕೆ ಹಿಂದಿನ ಕೋಣೆಯಲ್ಲಿರಲಿ, ವರ್ಷ ಕಳೆಯುವುದರೊಳಗೆ ಗೋಡೆ ಮೊದಲಿನಂತಾದರೆ ಪಾಲಿಕೆ ಸೂರು ರಿಪೇರಿ ಮಾಡಿಸಿ ಕಟ್ಟಡವನ್ನು ಶಿಶುವಿಹಾರಕ್ಕೇ ಕೊಡುತ್ತದೆ, ಆಗದಿದ್ದರೆ ಇಲ್ಲ ಎಂದು ತೀರ್ಮಾನವಾಯಿತು. ಕಮಿಷನರು ಅಂಗಿಯ ಮೇಲೆ ಫೈಲು ಹಿಡಿದುಕೊಂಡು ಕಾರು ಹತ್ತಿದರು.

ಹೀಗೆ ನನ್ನ ಸೆರೆವಾಸ ಶುರುವಾಯಿತು. ಕಬ್ಬಿಣ ಮುಟ್ಟಿಸುವಂತಿಲ್ಲ, ಆಸಿಡ್ ಹಾಕುವಂತಿಲ್ಲ, ಉಜ್ಜುವ ಕಾಗದ ತರುವಂತಿಲ್ಲ. ಬಿದಿರಿನ ಚೂರಿನಿಂದ ಮೆಲ್ಲಗೆ ಎಬ್ಬಿಸಬೇಕು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಆರುವವರೆಗೆ ಕಾಯಬೇಕು. ಅವಸರ ಮಾಡಿದರೆ ಬಣ್ಣದ ಜೊತೆ ಗಾರೆಯೂ ಬರುತ್ತದೆ. ಬೆಳಗಿನಿಂದ ಸಂಜೆಯವರೆಗೆ ಕೂತರೆ ಅಂಗೈಯಗಲ ಆಗುತ್ತಿತ್ತು. ಮಧ್ಯಾಹ್ನ ಮಕ್ಕಳು ಮಲಗುವ ಹೊತ್ತು, ಆಗ ಕೆರೆಯುವ ಸದ್ದೂ ಆಗಬಾರದು. ಹಾಗೇ ಗೋಡೆಗೆ ಮುಖ ಮಾಡಿಕೊಂಡು ಕೂತಿರಬೇಕು. ಮೊದಮೊದಲು ಮೈಯೆಲ್ಲ ಇರುವೆ ಹರಿದಂತಾಗುತ್ತಿತ್ತು. ಯಂತ್ರ ತಂದು ಒಂದೇ ಏಟಿಗೆ ಉಜ್ಜಿಬಿಡಲೇ ಎಂದು ದಿನಕ್ಕೆ ಹತ್ತು ಸಲ ಅನ್ನಿಸುತ್ತಿತ್ತು. ಆಗ ಒಳಗಿನಿಂದ ಯಾವುದಾದರೊಂದು ಮಗು ನಿದ್ದೆಯಲ್ಲಿ ಗೊಣಗುವುದು ಕೇಳಿಸುತ್ತಿತ್ತು. ತೆಪ್ಪಗಾಗುತ್ತಿದ್ದೆ.

ಮಳೆಗಾಲ ಬಂದಾಗ ಗೋಡೆ ನಿಜವಾಗಿಯೂ ಉಸಿರಾಡುತ್ತದೆಂದು ತಿಳಿಯಿತು. ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಗುಲಾಬಿ ಬಣ್ಣ ಹಪ್ಪಳದ ಹಾಗೆ ಅಲ್ಲಲ್ಲಿ ಉಬ್ಬಿತು. ಮಕ್ಕಳಿಗೆ ಹಬ್ಬವಾಯಿತು. ಬೆಳಗಾದರೆ ಬಂದು ಉಬ್ಬಿದ್ದನ್ನೆಲ್ಲ ಬೆರಳಿನಿಂದ ಒತ್ತಿ ಟಪ್ ಟಪ್ ಎನ್ನಿಸುತ್ತಿದ್ದರು. ನಾನು ವಾರವೆಲ್ಲ ಕೆರೆದರೂ ಆಗದ ಜಾಗವನ್ನು ಅವರು ಒಂದು ಬೆಳಿಗ್ಗೆಯಲ್ಲಿ ಮುಗಿಸುತ್ತಿದ್ದರು. ರೇಣುಕಾಳ ಮಗಳಂತೂ ನನ್ನ ಪಕ್ಕದಲ್ಲೇ ಕೂತು, ‘ತಾತಾ, ಇಲ್ಲಿ’ ಎಂದು ತೋರಿಸಿ ಮೇಲ್ವಿಚಾರಣೆ ಮಾಡುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಕರಿಯ ಅಕ್ಷರಗಳು ಒಂದೊಂದಾಗಿ ಹೊರಬಂದವು. ಮೊದಲಿಗಿಂತ ಮಸುಕಾಗಿದ್ದವು, ಆದರೂ ಇದ್ದವು. ಹಿರಿಯರು ಬಂದು ಕನ್ನಡಕ ತೆಗೆದು ಹಾಕಿ, ತೆಗೆದು ಹಾಕಿ ನೋಡಿ, ‘ಹ್ಞೂಂ’ ಎಂದರು. ಆ ಹ್ಞೂಂಕಾರಕ್ಕೆ ಸುಶೀಲ ಅವತ್ತು ಪಾಯಸ ಮಾಡಿದಳು.

ಪಾಲಿಕೆ ಮಾತಿಗೆ ತಪ್ಪಲಿಲ್ಲ. ಸೂರಿನ ರಿಪೇರಿಗೆ ಸುಣ್ಣ, ಮರಳು, ಬೆಲ್ಲದ ನೀರು ಬಂದವು. ಆ ಕೆಲಸಕ್ಕೂ ಹನಮಂತಪ್ಪನೇ ಸಿಕ್ಕಿದ. ಗಾರೆಗೆ ಬೆಲ್ಲ ಹಾಕುವುದನ್ನು ಅವನು ಹುಟ್ಟಿದಂದಿನಿಂದ ಕಂಡಿರಲಿಲ್ಲ. ಒಂದು ಚೂರು ಬಾಯಿಗೆ ಹಾಕಿಕೊಂಡು, ‘ಬೆಲ್ಲ ತಿನ್ನೂ ಗ್ವಾಡಿಗೆ ಉಸಿರಾಡಾಕ್ ಬರ್ತೈತ್ ಬಿಡ್ರಿ’ ಎಂದ. ಹಿಂದೆ ಗುಮಾಸ್ತ ಕೂತು ಸುಂಕ ಪಡೆಯುತ್ತಿದ್ದ ಪುಟ್ಟ ಕಿಟಕಿಯಲ್ಲಿ ಈಗ ತಾಯಂದಿರು ಊಟದ ಡಬ್ಬಿ ಕೊಟ್ಟು ಹೋಗುತ್ತಾರೆ. ಗಾಡಿ ತೂಗುತ್ತಿದ್ದ ಗುಂಡಿಗೆ ಮರಳು ತುಂಬಿಸಿದ್ದೇವೆ, ಮಕ್ಕಳು ಅದರಲ್ಲಿ ಮನೆ ಕಟ್ಟುತ್ತವೆ. ರೇಣುಕಾ ಬೆಳಿಗ್ಗೆ ಬಂದು ಮಗಳನ್ನು ಬಿಟ್ಟು, ಹಿಂತಿರುಗಿ ನೋಡದೆ ಓಡುತ್ತಾಳೆ. ಹಾಗೆ ನೋಡದೆ ಓಡುವುದನ್ನು ಕಂಡರೆ ನನಗೆ ಹಿಗ್ಗು.

ಇಲ್ಲಿಗೆ ನನ್ನ ಕಷ್ಟ ಮುಗಿಯಬೇಕಿತ್ತು. ಗೋಡೆ ಮುಗಿಯಿತು, ಬಾಗಿಲು ಮುಗಿಯಿತು, ಕಿಟಕಿಗಳೂ ಮುಗಿದವು. ಕೊನೆಯ ಕಿಟಕಿಯ ಕೆಳಮೂಲೆಯಲ್ಲಿ ಅಂಗೈಯಗಲ ಹಸಿರು ಮಾತ್ರ ಬಾಕಿಯಿತ್ತು. ಅದನ್ನು ತೆಗೆಯಲು ಬಿದಿರಿನ ಚೂರು ಹಿಡಿದು ಕೂತಿದ್ದೆ, ಮೇಘನಾ ಕೊನೆಯ ಪರಿಶೀಲನೆಗೆಂದು ಬಂದಳು. ‘ಅಂಕಲ್, ನಿಲ್ಸಿ’ ಎಂದಳು. ಕಟ್ಟಡಕ್ಕೆ ಯಾವ ಯಾವ ಕಾಲದಲ್ಲಿ ಏನೇನಾಯಿತೆಂದು ಮುಂದಿನವರಿಗೆ ತಿಳಿಯಬೇಕಂತೆ. ಅದಕ್ಕಾಗಿ ಹಚ್ಚಿದ ಬಣ್ಣದ ಒಂದು ತುಂಡನ್ನು ಹಾಗೇ ಬಿಡುವುದು ಅವರ ಪದ್ಧತಿಯಂತೆ. ‘ಇದೂ ಈಗ ಇದರ ಚರಿತ್ರೆ ಅಲ್ವಾ ಅಂಕಲ್? ಇದನ್ನ ಮಾತ್ರ ಮುಟ್ಟಬೇಡಿ’ ಎಂದು, ಸುತ್ತ ಸೀಸದ ಕಡ್ಡಿಯಿಂದ ಗೆರೆ ಎಳೆದು ಫೋಟೊ ತೆಗೆದುಕೊಂಡು ಹೋದಳು.

ನನ್ನ ಅವಿವೇಕಕ್ಕೆ ಹೀಗೆ ಪಾಲಿಕೆಯ ರಕ್ಷಣೆ ಸಿಕ್ಕಿದೆ. ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಆದರೆ ಆ ತುಂಡಿನ ಎಡಬದಿಯಲ್ಲಿ ಒಂದು ಚೂರು ಎದ್ದುಕೊಂಡು ಗಾಳಿಗೆ ಅಲ್ಲಾಡುತ್ತಿದೆ. ಉಗುರಿನಿಂದ ಮೆಲ್ಲಗೆ ಎಳೆದರೆ ಸಾಕು, ಸಲೀಸಾಗಿ ಬಂದುಬಿಡುತ್ತದೆ. ದಿನವೂ ಬೆಳಿಗ್ಗೆ ಹೋಗಿ ಅದರ ಮುಂದೆ ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಿಲ್ಲುತ್ತೇನೆ. ರೇಣುಕಾಳ ಮಗಳು ಬಂದು ನನ್ನ ಹಿಂದೆ ನಿಂತು, ಕಟ್ಟಿಕೊಂಡ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾಳೆ. ಹಾಗೆ ಹಿಡಿದುಕೊಳ್ಳುವಂತೆ ಅವಳಿಗೆ ಹೇಳಿಕೊಟ್ಟವಳು ಸುಶೀಲ.